ಟೈಮಿಂಗ್ ಚೈನಿನ ಸದ್ದು, ಮೆಕ್ಯಾನಿಕ್ ಕಿವಿ

ಹಳೇ ಬೈಕಿನ ಸದ್ದಿಗೂ ಇತಿಹಾಸಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಇದೆ ಸ್ವಾಮಿ! ಇಂಜಿನ್ ಬದಲಾದಾಗ ಅದರ ಕಾಯಿಲೆಯೂ ಬದಲಾಗುತ್ತೆ, ಕಾಯಿಲೆ ಹಿಡಿಯೋ ಕಿವಿಯೂ ಹೊಸದಾಗಿ ಪಳಗಬೇಕಾಗುತ್ತೆ.

ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನೇ ತಗೊಳ್ಳಿ. 1961ರಿಂದ 1996ರ ತನಕ ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳೆಲ್ಲ ಟೂ ಸ್ಟ್ರೋಕ್. ಅವುಗಳಲ್ಲಿ ಕ್ಯಾಮೂ ಇಲ್ಲ, ವಾಲ್ವೂ ಇಲ್ಲ. ರಾಜದೂತ್ ಕೂಡ ಹಾಗೇ. ಮದ್ರಾಸಿಗೆ ಬಂದ ಬುಲೆಟ್ ಫೋರ್ ಸ್ಟ್ರೋಕ್ ನಿಜ. ಆದರೆ ಅದರ ಕ್ಯಾಮುಗಳು ಇಂಜಿನ್ನಿನ ಕೆಳಭಾಗದಲ್ಲಿ ಗೇರಿನಿಂದ ತಿರುಗುತ್ತಿದ್ದವು, ಮೇಲಿನ ವಾಲ್ವ್ ತೆರೆಯೋಕೆ ಉದ್ದನೆಯ ಪುಶ್‌ರಾಡುಗಳಿದ್ದವು. ಹಾಗಾಗಿ ನಮ್ಮ ಬೀದಿ ಗ್ಯಾರೇಜುಗಳಲ್ಲಿ ಚೈನು ಅಂದ್ರೆ ಹಿಂದಿನ ಚಕ್ರದ್ದು, ಇಲ್ಲವೇ ಕ್ಲಚ್ ಕಡೆಯದ್ದು. ಅಷ್ಟೇ.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಹೋಂಡಾದವರು ಜಪಾನಿನಲ್ಲಿ 1960ರ ದಶಕದಲ್ಲೇ ಪಳಗಿಸಿಕೊಂಡಿದ್ದ ವಿದ್ಯೆ ಅದು: ಕ್ಯಾಮನ್ನು ತಲೆಯ ಮೇಲೇ ಕೂರಿಸಿ, ತೆಳು ಚೈನಿನಿಂದ ತಿರುಗಿಸೋದು. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು. ಪೆಟ್ರೋಲ್ ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂಬರ್ಥದ ಜಾಹೀರಾತು ನೆನಪಿದೆಯಾ? ಒಳಗಿನ ಆ ಚೈನನ್ನು ಮಾತ್ರ ಮರೆಯೋ ಹಾಗಿಲ್ಲ. ವರ್ಷಗಟ್ಟಲೆ ಓಡಿದ ಮೇಲೆ ಅದರ ಪಿನ್ನು, ಬುಷ್ಷುಗಳು ಸವೆದು ಚೈನು ಉದ್ದವಾಗುತ್ತೆ. ಟೆನ್ಷನರ್ ಆ ಸಡಿಲವನ್ನು ಒಂದು ಮಿತಿಯವರೆಗೆ ಎಳೆದು ಹಿಡಿಯುತ್ತೆ. ಮಿತಿ ದಾಟಿದ ಮೇಲೆ ಶುರು, ಗರಗರ ಸದ್ದು!

ಇಲ್ಲೇ ನೋಡಿ ಎಡವಟ್ಟು ಆಗೋದು. ಸದ್ದು ಕೇಳಿದ ತಕ್ಷಣ ಟ್ಯಾಪೆಟ್ ಅಂದುಕೊಂಡು ಬಿಗಿ ಮಾಡಿಬಿಡ್ತಾರೆ. ಅತಿ ಬಿಗಿಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತೆ, ಚೈನು ಸಡಿಲವಾಗೇ ಉಳಿಯುತ್ತೆ. ಒಂದು ರೋಗಕ್ಕೆ ಎರಡು ಖರ್ಚು.

ನಾನು ನೋಡೋ ಕ್ರಮ ಹೀಗೆ. ಮೊದಲು ಇಂಜಿನ್ ತಣ್ಣಗಿರುವಾಗ ಫೀಲರ್ ಗೇಜ್ ಹಾಕಿ ಟ್ಯಾಪೆಟ್ ಅಳತೆ ಸರಿಮಾಡೋದು. ಆಮೇಲೂ ಸದ್ದಿದ್ದರೆ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಎಡಮಗ್ಗುಲಿಗೆ, ಹಿಡಿಯನ್ನು ಕಿವಿಗೆ ಇಟ್ಟು ಆಲಿಸೋದು. ಟ್ಯಾಪೆಟ್ಟಿನದು ಗಡಿಯಾರದ ಥರ ಕ್ರಮಬದ್ಧ ಟಿಕ್ ಟಿಕ್. ಚೈನಿನದು ಲಯವಿಲ್ಲದ ಗರಗರ, ಐಡ್ಲಿಂಗಿನಲ್ಲಿ ಮತ್ತು ಆಕ್ಸಿಲರೇಟರ್ ಬಿಟ್ಟಾಗ ಜಾಸ್ತಿ. ಇನ್ನೂ ಅನುಮಾನವಿದ್ದರೆ ಇಂಜಿನ್ ಆಫ್ ಮಾಡಿ, ಹೆಡ್ಡಿನ ಪಕ್ಕದ ಮುಚ್ಚಳ ತೆಗೆದು, ಕ್ರ್ಯಾಂಕನ್ನು ಕೈಯಲ್ಲೇ ಸ್ವಲ್ಪ ಹಿಂದೆ ಮುಂದೆ ತಿರುಗಿಸಿ. ಕ್ರ್ಯಾಂಕ್ ಅಲ್ಲಾಡಿದರೂ ಕ್ಯಾಮಿನ ಚಕ್ರ ಸುಮ್ಮನಿದ್ದು ಆಮೇಲೆ ಹೊರಟರೆ ಚೈನು ಸಡಿಲ ಅಂತಲೇ ಅರ್ಥ. ಫ್ಲೈವೀಲಿನ 'ಟಿ' ಗುರುತು ಕೂಡಿದಾಗ ಕ್ಯಾಮಿನ ಗುರುತು ಹಿಂದೆ ಬಿದ್ದಿದ್ದರೆ ವಾಲ್ವುಗಳು ತಡವಾಗಿ ತೆರೀತಿವೆ. ಗಾಡಿ ಮಂಕಾಗೋದು ಇದರಿಂದಲೇ. ಆಗ ಚೈನು, ಟೆನ್ಷನರ್ ಎರಡನ್ನೂ ಪರೀಕ್ಷಿಸಿ ಸವೆದದ್ದನ್ನು ಬದಲಿಸಬೇಕು. ಹಾಗೇ ಬಿಟ್ಟರೆ ಚೈನು ಹಲ್ಲು ಜಿಗಿದು, ವಾಲ್ವ್ ಪಿಸ್ಟನ್ನಿಗೆ ಬಡಿಯುವ ಅಪಾಯವೂ ಉಂಟು.

ಈ ಕಿವಿಯ ವಿದ್ಯೆಯನ್ನು ಯಾರೂ ಬರೆದಿಟ್ಟಂತಿಲ್ಲ. ನಿಮ್ಮೂರಿನ ಹಳೇ ಮೆಕ್ಯಾನಿಕ್ ಯಾರಾದರೂ ಸಿಕ್ಕರೆ ಕೇಳಿ ಬರೆದಿಡಿ. ಬರೆದರೆ ನನಗೂ ತಿಳಿಸಿ ಮತ್ತೆ!