ಕನ್ನಡ ಕಚೇರಿ ಇ-ಮೇಲ್ ಶಿಷ್ಟಾಚಾರ

ಕನ್ನಡ ಕಚೇರಿ ಇ-ಮೇಲ್ ಶಿಷ್ಟಾಚಾರ ಎಂದರೆ ಸರ್ಕಾರಿ ಕಚೇರಿ, ಬ್ಯಾಂಕು, ಸಹಕಾರ ಸಂಘ, ಕಾರ್ಖಾನೆ, ಶಾಲೆ ಮೊದಲಾದ ಕೆಲಸದ ಸ್ಥಳಗಳಲ್ಲಿ ಕನ್ನಡದಲ್ಲಿ ಬರೆಯಲಾಗುವ ಇ-ಮೇಲ್‌ಗಳ ಸಂಬೋಧನೆ, ಕ್ರಿಯಾಪದದ ಆಯ್ಕೆ, ಮುಕ್ತಾಯ ಮತ್ತು ಪ್ರತಿ ಕಳುಹಿಸುವ ಕ್ರಮಗಳಿಗೆ ಸಂಬಂಧಿಸಿದ ರೂಢಿಗಳು. ಇ-ಮೇಲ್‌ಗೆ ಮಿಂಚಂಚೆ, ವಿ-ಅಂಚೆ ಎಂಬ ಹೆಸರುಗಳೂ ಇವೆ. ಈ ರೂಢಿಗಳು ಬಹುಮಟ್ಟಿಗೆ ಕಾಗದದ ಕಾಲದ ಸರ್ಕಾರಿ ಪತ್ರವ್ಯವಹಾರದಿಂದ ಬಂದವು. ಈ ಲೇಖನವು ಮುಖ್ಯವಾಗಿ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಬಳಕೆಯನ್ನು ಕುರಿತದ್ದು. ಈ ಭಾಗದ ಆಡುಮಾತಿನಲ್ಲಿ ಗೌರವವು ಬಹಳಮಟ್ಟಿಗೆ ‘ರಿ’ ಎಂಬ ಒಂದೇ ಅಕ್ಷರದಲ್ಲಿ ಅಡಗಿದ್ದು, ಕಚೇರಿಯ ಬರಹದಲ್ಲಿ ಆ ಅಕ್ಷರಕ್ಕೆ ಸ್ಥಾನವಿಲ್ಲದಿರುವುದರಿಂದ ಧಾಟಿಯ ಪ್ರಶ್ನೆ ಇಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣಿಸುತ್ತದೆ.

ಹಿನ್ನೆಲೆ

ಈ ನಾಲ್ಕೂ ತಾಲ್ಲೂಕುಗಳು ಮುಂಬಯಿ ಕರ್ನಾಟಕ ಎಂದು ಕರೆಯಲಾಗುತ್ತಿದ್ದ ಪ್ರದೇಶಕ್ಕೆ ಸೇರಿದವು. ಪೇಶ್ವೆಯರ ಕಾಲದಿಂದ ಇಲ್ಲಿನ ದಫ್ತರಗಳಲ್ಲಿ ಮೋಡಿ ಲಿಪಿಯ ಮರಾಠಿ ವ್ಯಾಪಕವಾಗಿತ್ತು. ರಾಮದುರ್ಗವು 1948ರವರೆಗೆ ಮರಾಠಿ ಮನೆತನವೊಂದರ ಆಳ್ವಿಕೆಯ ಸಂಸ್ಥಾನವಾಗಿತ್ತು. ಅರ್ಜಿ, ಹುಕುಂ, ರುಜು, ಕಾರಕೂನ, ಶಿರಸ್ತೇದಾರ ಮುಂತಾದ ಕಚೇರಿಯ ಪದಗಳು ಫಾರಸಿ, ಮರಾಠಿಗಳ ಮೂಲಕ ಕನ್ನಡದಲ್ಲಿ ನೆಲೆಗೊಂಡವು. ಹಳೆಯ ಪತ್ರಗಳ ‘ರಾಜಮಾನ್ಯ ರಾಜಶ್ರೀ’ ಎಂಬ ಒಕ್ಕಣೆಯೂ ಇದೇ ಪರಂಪರೆಗೆ ಸೇರಿದ್ದು.

ಪತ್ರವೊಂದನ್ನು ಓದುವವರು ಹೇಗೆ ಓದುತ್ತಾರೆ ಎಂಬುದರ ಮೇಲೆ ಬಹಳಷ್ಟು ನಿಂತಿದ್ದ ಪ್ರಸಂಗವೊಂದು ಈ ಪ್ರದೇಶದ ಇತಿಹಾಸದಲ್ಲಿಯೇ ಇದೆ. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜನು ಮಗನನ್ನು ದತ್ತು ತೆಗೆದುಕೊಂಡ ವಿಷಯವನ್ನು ಪತ್ರದ ಮೂಲಕ ಧಾರವಾಡದ ಕಲೆಕ್ಟರ್ ಥ್ಯಾಕರೆಗೆ ತಿಳಿಸಲಾಯಿತು. ಥ್ಯಾಕರೆ ಅದನ್ನು ಸಂಶಯದಿಂದ ಕಂಡು ದತ್ತಕವನ್ನು ಒಪ್ಪಲಿಲ್ಲ. ರಾಣಿ ಚೆನ್ನಮ್ಮ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಬರೆದುಕೊಂಡದ್ದೂ ಫಲಿಸಲಿಲ್ಲ. ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಥ್ಯಾಕರೆ ಹತನಾದನು.

1956ರ ಏಕೀಕರಣದ ನಂತರ ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. 1963ರ ರಾಜಭಾಷಾ ಅಧಿನಿಯಮವು ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯನ್ನಾಗಿ ಮಾಡಿತು. ಆಡಳಿತ ಕನ್ನಡದ ನುಡಿಗಟ್ಟು ರೂಪುಗೊಂಡದ್ದು ಹೆಚ್ಚಾಗಿ ಬೆಂಗಳೂರಿನಲ್ಲಿ, ಇಂಗ್ಲಿಷ್ ಕಡತಗಳ ಅನುವಾದದ ಮೂಲಕ. ಬೈಲಹೊಂಗಲದ ಉಪವಿಭಾಗಾಧಿಕಾರಿ ಕಚೇರಿಯಾಗಲಿ, ಸವದತ್ತಿ ತಾಲ್ಲೂಕಿನ ಗ್ರಾಮ ಪಂಚಾಯಿತಿಯಾಗಲಿ ಇಂದು ಬರೆಯುವುದು ಈ ಕನ್ನಡವನ್ನೇ. ಅದೇ ಕಚೇರಿಯ ಮೇಜುಗಳ ನಡುವೆ ಆಡುವ ಕನ್ನಡ ಬೇರೆ.

‘ರಿ’ ಮತ್ತು ಬರಹ

ಬೆಳಗಾವಿ-ಧಾರವಾಡ ಸೀಮೆಯ ಆಡುಮಾತಿನಲ್ಲಿ ‘ರಿ’ ಕ್ರಿಯಾಪದಕ್ಕಷ್ಟೇ ಸೀಮಿತವಲ್ಲ. ‘ಬರ್ರಿ’, ‘ನೋಡ್ರಿ’ ಎಂಬಂತೆ ವಿಧ್ಯರ್ಥದಲ್ಲಿ ಬರುವುದರ ಜೊತೆಗೆ ‘ಹೌದ್ರಿ’, ‘ಇಲ್ರಿ’, ‘ನಾಳಿಗ್ರಿ’ ಎಂದು ಯಾವ ಪದಕ್ಕಾದರೂ ಅಂಟಿಕೊಳ್ಳುತ್ತದೆ. ಆ ಪದದ ಅರ್ಥವನ್ನು ಅದು ಬದಲಿಸುವುದಿಲ್ಲ. ಎದುರಿಗಿರುವವರನ್ನು ಗೌರವದಿಂದ ಕಾಣುತ್ತಿದ್ದೇನೆ ಎಂಬುದನ್ನು ಮಾತ್ರ ಸೂಚಿಸುತ್ತದೆ. ಹೀಗಾಗಿ ‘ದಯವಿಟ್ಟು’ ಎಂಬ ಪದದ ಅಗತ್ಯ ಇಲ್ಲಿನ ಮಾತಿನಲ್ಲಿ ಅಷ್ಟಾಗಿ ಬೀಳುವುದಿಲ್ಲ. ‘ವರದಿ ಕಳಸ್ರಿ ಸರ’ ಎಂಬುದು ಪೂರ್ಣ ಸೌಜನ್ಯದ ಮಾತು.

ಅದನ್ನೇ ಶಿಷ್ಟ ಬರಹಕ್ಕೆ ತಂದು ‘ವರದಿ ಕಳುಹಿಸಿ’ ಎಂದು ಬರೆದಾಗ ವ್ಯಾಕರಣದ ದೃಷ್ಟಿಯಿಂದ ಬಹುವಚನವೇ ಉಳಿದಿದ್ದರೂ ಓದುವವರಿಗೆ ಅಪ್ಪಣೆಯಂತೆ ಕೇಳಿಸಬಹುದು. ಹಳೆಯ ತಲೆಮಾರಿನವರು ಬಳಸುವ ‘ಕಳುಹಿಸಿರಿ’ ಎಂಬ ಪೂರ್ಣರೂಪದಲ್ಲಿ ಈ ಕೊರತೆ ಸ್ವಲ್ಪ ನೀಗುತ್ತದೆ. ಇಂದಿನ ಇ-ಮೇಲ್‌ಗಳಲ್ಲಿ ಈ ರೂಪ ವಿರಳವಾಗುತ್ತಿರುವುದು ನಷ್ಟವೆಂದೇ ಹೇಳಬೇಕು. ಇನ್ನೊಂದೆಡೆ, ವಾಟ್ಸಾಪ್ ಗುಂಪುಗಳ ಪ್ರಭಾವದಿಂದ ‘ಓಕೆ ರಿ’, ‘ಆತ್ರಿ ಸರ’ ಎಂಬ ಉತ್ತರಗಳು ಇ-ಮೇಲ್‌ಗೂ ಬಂದಿವೆ. ಸ್ಥಳೀಯ ಸಹೋದ್ಯೋಗಿಗೆ ಇವು ಆತ್ಮೀಯ. ದಕ್ಷಿಣ ಕರ್ನಾಟಕದ ಓದುಗರಿಗೆ ಹಾಗೆಯೇ ಕೇಳಿಸಬೇಕೆಂದಿಲ್ಲ: ಅಲ್ಲಿಯೂ ‘ರೀ’ ಇದೆ, ಆದರೆ ‘ಏನ್ರೀ’, ‘ಯಾಕ್ರೀ’ ಎಂಬಲ್ಲಿ ಅದು ಎಷ್ಟೋ ವೇಳೆ ಅಸಹನೆಯ ಗುರುತು. ಉತ್ತರದವರ ಮಾತು ಗಡಸು ಎಂಬ ದಕ್ಷಿಣದವರ ಅಭಿಪ್ರಾಯವೂ, ದಕ್ಷಿಣದವರು ‘ರಿ’ ಹಚ್ಚದೆ ಮಾತಾಡುತ್ತಾರೆಂಬ ಉತ್ತರದವರ ಬೇಸರವೂ ಹೀಗೆ ಒಂದೇ ಅಕ್ಷರದ ಎರಡು ಓದುಗಳು.

ಸಂಬೋಧನೆ

ಈ ಭಾಗದಲ್ಲಿ ಸಹೋದ್ಯೋಗಿಗಳನ್ನು ಅಡ್ಡಹೆಸರಿಗೆ ಬಹುವಚನ ಸೇರಿಸಿ ಕರೆಯುವುದು ವಾಡಿಕೆ: ‘ಪಾಟೀಲ್ರ’, ‘ದೇಸಾಯರ’, ‘ಕುಲಕರ್ಣಿಯವರ’. ಇದಲ್ಲದೆ ‘ಸಾಹೇಬ್ರ’, ‘ಅಣ್ಣಾರ’, ‘ಅಕ್ಕಾರ’, ಶಾಲೆಗಳಲ್ಲಿ ‘ಗುರುಗಳ’ ಎಂಬ ಕರೆಗಳೂ ಇವೆ. ಬೆಂಗಳೂರಿನ ಖಾಸಗಿ ಕಂಪನಿಗಳಲ್ಲಿ ಹಿರಿಕಿರಿಯರೆನ್ನದೆ ಎಲ್ಲರೂ ಹೆಸರು ಹಿಡಿದು ಕರೆಯುತ್ತಾರೆ. ಇ-ಮೇಲ್ ಕೂಡ ‘ಹಾಯ್ ಬಸವರಾಜ್’ ಎಂದು ಆರಂಭವಾಗುತ್ತದೆ. ಅಂಥ ಸಂದೇಶ ಬೈಲಹೊಂಗಲದ ಐವತ್ತು ದಾಟಿದ ವ್ಯವಸ್ಥಾಪಕರೊಬ್ಬರಿಗೆ ಬಂದರೆ ವಿಷಯಕ್ಕಿಂತ ಮೊದಲು ಸಂಬೋಧನೆಯೇ ಕಣ್ಣಿಗೆ ಬೀಳುತ್ತದೆ. ‘ಅವರೇ’ ಸೇರಿಸದೆ ಬರೀ ಅಡ್ಡಹೆಸರು ಬರೆಯುವುದು ಇನ್ನೂ ಬಿರುಸು.

ಸರ್ಕಾರಿ ಪತ್ರಗಳಲ್ಲಿ ‘ಮಾನ್ಯರೇ’ ಎಂಬುದು ಸುರಕ್ಷಿತ ಸಂಬೋಧನೆಯಾಗಿ ಉಳಿದಿದೆ. ಸ್ತ್ರೀಯರಿಗೂ ಪುರುಷರಿಗೂ ಒಂದೇ ಆಗಿರುವುದು, ಹೆಸರು ತಿಳಿಯದಿದ್ದರೂ ಬಳಸಬಹುದಾಗಿರುವುದು ಇದರ ಅನುಕೂಲ. ಖಾಸಗಿ ಪತ್ರಗಳ ‘ತೀರ್ಥರೂಪ’, ‘ಮಾತೃಶ್ರೀ’, ‘ಚಿರಂಜೀವಿ’ ಎಂಬ ಒಕ್ಕಣೆಗಳು ಇ-ಮೇಲ್‌ಗೆ ದಾಟಿ ಬರಲಿಲ್ಲ. ಮುಕ್ತಾಯದಲ್ಲಿ ‘ತಮ್ಮ ವಿಶ್ವಾಸಿ’, ‘ವಂದನೆಗಳೊಂದಿಗೆ’ ಎಂಬವು ಸಾಮಾನ್ಯ. ‘ತಮ್ಮ ವಿಧೇಯ’ ಎಂಬುದು ಅರ್ಜಿಗಳಲ್ಲಿ ಮಾತ್ರ ಉಳಿದಿದೆ.

ಕ್ರಿಯಾಪದ ಮತ್ತು ಅಧಿಕಾರ ಶ್ರೇಣಿ

ಆಡಳಿತ ಕನ್ನಡದಲ್ಲಿ ಧಾಟಿಯನ್ನು ನಿರ್ಧರಿಸುವುದು ವಾಕ್ಯದ ಕೊನೆಯ ಕ್ರಿಯಾಪದ. ಒಂದೇ ಕೋರಿಕೆಯನ್ನು ‘ಕಳುಹಿಸತಕ್ಕದ್ದು’, ‘ಕಳುಹಿಸುವುದು’, ‘ಕಳುಹಿಸಲು ಸೂಚಿಸಿದೆ’, ‘ಕಳುಹಿಸಲು ತಿಳಿಸಿದೆ’, ‘ಕಳುಹಿಸಲು ಕೋರಿದೆ’, ‘ಕಳುಹಿಸಿಕೊಡಬೇಕಾಗಿ ವಿನಂತಿ’ ಎಂದು ಬರೆಯಬಹುದು. ಮೊದಲನೆಯದು ಕಾಯ್ದೆಯ ಭಾಷೆ. ಕೊನೆಯದು ಕೈಮುಗಿದು ಕೇಳುವ ಭಾಷೆ. ಮೇಲಿನ ಕಚೇರಿ ಕೆಳಗಿನ ಕಚೇರಿಗೆ ‘ಸೂಚಿಸುತ್ತದೆ’. ಕೆಳಗಿನ ಕಚೇರಿ ಮೇಲಿನ ಕಚೇರಿಗೆ ‘ಕೋರುತ್ತದೆ’. ವರದಿಯು ಮೇಲಕ್ಕೆ ಹೋಗುವಾಗ ‘ಸಲ್ಲಿಸಲಾಗಿದೆ’, ಕೆಳಕ್ಕೆ ಬರುವಾಗ ‘ಕಳುಹಿಸಿದೆ’. ‘ಅವಗಾಹನೆಗೆ’ ಎಂಬುದು ಮೇಲ್ಮುಖ, ‘ಸೂಕ್ತ ಕ್ರಮಕ್ಕಾಗಿ’ ಎಂಬುದು ಹೆಚ್ಚಾಗಿ ಕೆಳಮುಖ. ಕಾಗದದ ಕಾಲದಲ್ಲಿ ಕರಡು ಪತ್ರ ಹಲವರ ಕೈ ದಾಟಿ ಹೋಗುತ್ತಿದ್ದುದರಿಂದ ತಪ್ಪಾದ ಕ್ರಿಯಾಪದವನ್ನು ಯಾರಾದರೂ ತಿದ್ದುತ್ತಿದ್ದರು. ಇ-ಮೇಲ್‌ನಲ್ಲಿ ಬರೆದವರೇ ಕಳುಹಿಸುವುದರಿಂದ ಆ ತಡೆ ಇಲ್ಲವಾಗಿದೆ. ಹೊಸದಾಗಿ ನೇಮಕಗೊಂಡ ಸಿಬ್ಬಂದಿಯೊಬ್ಬರು ತಹಶೀಲ್ದಾರರಿಗೆ ‘ಸೂಚಿಸಿದೆ’ ಎಂದು ಬರೆದರೆ ಉದ್ದೇಶ ಏನೇ ಇರಲಿ, ಅದು ಉದ್ಧಟತನವಾಗಿ ಕಾಣುತ್ತದೆ.

ಸಹಾಯಕ ಕ್ರಿಯಾಪದಗಳೂ ಧಾಟಿಯನ್ನು ಬದಲಿಸುತ್ತವೆ. ‘ಮಾಡಿ’ ಎಂಬುದಕ್ಕಿಂತ ‘ಮಾಡಿಕೊಡಿ’ ಮೃದು. ಕೆಲಸದ ಫಲ ಕೇಳುವವರಿಗೆ ಸಲ್ಲುತ್ತದೆ ಎಂಬ ಒಪ್ಪಿಗೆ ಅದರಲ್ಲಿದೆ. ಕರ್ತೃವನ್ನು ಮರೆಮಾಡುವುದು ಇನ್ನೊಂದು ಕ್ರಮ. ‘ನೀವು ಲಗತ್ತು ಕಳುಹಿಸಿಲ್ಲ’ ಎಂಬುದು ಆರೋಪ. ‘ಲಗತ್ತು ಕಂಡುಬಂದಿಲ್ಲ’ ಎಂಬುದು ವರದಿ. ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಒಗ್ಗದು ಎಂಬ ಟೀಕೆ ಹಳೆಯದು, ಮತ್ತು ಆಡಳಿತ ಭಾಷೆಯ ಉದ್ದನೆಯ ವಾಕ್ಯಗಳ ಮಟ್ಟಿಗೆ ಅದು ನ್ಯಾಯವೂ ಹೌದು. ಆದರೆ ತಪ್ಪನ್ನು ಎತ್ತಿ ತೋರಿಸಬೇಕಾದ ಸಂದರ್ಭದಲ್ಲಿ ಇದೇ ಪ್ರಯೋಗ ಓದುವವರ ಮರ್ಯಾದೆಯನ್ನು ಕಾಯುತ್ತದೆ.

ಧಾಟಿ ಕೆಡಲು ಪೂರ್ಣ ವಾಕ್ಯವೇ ಬೇಕೆಂದಿಲ್ಲ. ‘ಇದುವರೆಗೆ ಮಾಹಿತಿ ಬಂದಿಲ್ಲ’ ಎಂಬುದು ಸಂಗತಿ. ‘ಇದುವರೆಗೂ ಮಾಹಿತಿ ಬಂದಿಲ್ಲ’ ಎಂಬಲ್ಲಿ ಕೊನೆಯ ‘ಊ’ಕಾರ ದೂರನ್ನು ಸೇರಿಸುತ್ತದೆ. ‘ಈಗಾಗಲೇ ತಿಳಿಸಿದಂತೆ’ ಎಂಬ ಆರಂಭ ಹಲವು ಓದುಗರಿಗೆ ‘ಓದಲಿಲ್ಲವೇ?’ ಎಂದು ಕೇಳಿಸುತ್ತದೆ. ‘ದಯವಿಟ್ಟು’ ಒಮ್ಮೆ ಬಂದರೆ ಸೌಜನ್ಯ, ಒಂದೇ ಸಂದೇಶದಲ್ಲಿ ಮೂರು ಬಾರಿ ಬಂದರೆ ತಾಳ್ಮೆ ಮುಗಿದ ಸೂಚನೆ. ನಿರಾಕರಣೆಗೂ ತನ್ನದೇ ನುಡಿಗಟ್ಟಿದೆ: ಮಾತಿನಲ್ಲಿ ‘ನೋಡೂಣ್ರಿ’ ಎನ್ನುವ ಕಡೆ ಬರಹದಲ್ಲಿ ‘ಪರಿಶೀಲಿಸಲಾಗುವುದು’ ಎಂದಿರುತ್ತದೆ. ಎರಡನ್ನೂ ಒಪ್ಪಿಗೆಯೆಂದು ತಿಳಿಯುವವರು ಹೊರಗಿನವರು ಮಾತ್ರ.

ಧಾಟಿಯ ಗ್ರಹಿಕೆಯ ಅಧ್ಯಯನಗಳು

ಬರೆದವರ ಮನಸ್ಸಿನ ಧಾಟಿ ಓದುವವರಿಗೆ ತಲುಪುವುದಿಲ್ಲ ಎಂಬುದು ಕನ್ನಡಕ್ಕೆ ಸೀಮಿತವಾದ ಸಮಸ್ಯೆಯಲ್ಲ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಇ-ಮೇಲ್‌ನಲ್ಲಿ ವ್ಯಂಗ್ಯ ಮತ್ತು ಗಾಂಭೀರ್ಯವನ್ನು ಓದುಗರು ಗುರುತಿಸುವ ಪ್ರಮಾಣವನ್ನು ಕಳುಹಿಸುವವರು ಶೇಕಡಾ 78ರಷ್ಟೆಂದು ಅಂದಾಜಿಸಿದರೆ, ವಾಸ್ತವದಲ್ಲಿ ಅದು ಶೇಕಡಾ 56ರಷ್ಟಿತ್ತು. ಬರೆಯುವಾಗ ತಮ್ಮ ದನಿ ತಮಗೆ ಕೇಳಿಸುತ್ತಿರುವುದರಿಂದ ಅದು ಓದುವವರಿಗೂ ಕೇಳಿಸುತ್ತದೆಂದು ಭಾವಿಸುವುದೇ ಇದಕ್ಕೆ ಕಾರಣ ಎಂಬುದು ಅವರ ವಿವರಣೆ. ಕ್ರಿಸ್ಟಿನ್ ಬೈರನ್ 2008ರ ಲೇಖನದಲ್ಲಿ, ಸಂತೋಷದ ಇ-ಮೇಲ್‌ಗಳನ್ನು ಜನ ಭಾವರಹಿತವೆಂದೂ, ನಕಾರಾತ್ಮಕ ಭಾವದವನ್ನು ಇನ್ನಷ್ಟು ನಕಾರಾತ್ಮಕವೆಂದೂ ಓದುವ ಸಾಧ್ಯತೆಯನ್ನು ಮುಂದಿಟ್ಟರು. ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್‌ಸನ್ ಅವರ ಪ್ರಸಿದ್ಧ ಸೌಜನ್ಯ ಸಿದ್ಧಾಂತಕ್ಕೆ ಆಧಾರವಾದ ಮೂರು ಭಾಷೆಗಳಲ್ಲಿ ಕನ್ನಡದ ಸೋದರ ಭಾಷೆಯಾದ ತಮಿಳೂ ಒಂದು. ಬಹುವಚನ ಹಾಗೂ ಕರ್ತೃಲೋಪದ ಮೂಲಕ ಗೌರವ ತೋರುವ ಕ್ರಮವನ್ನು ಅವರು ಸೌಜನ್ಯದ ತಂತ್ರಗಳಲ್ಲಿ ಗುರುತಿಸಿದ್ದಾರೆ.

ಲಿಪಿ ಮತ್ತು ತಂತ್ರಾಂಶ

ಇಂಗ್ಲಿಷ್ ಇ-ಮೇಲ್ ಶಿಷ್ಟಾಚಾರದ ಮೊದಲ ಪಾಠಗಳಲ್ಲೊಂದು, ಎಲ್ಲವನ್ನೂ ದೊಡ್ಡ ಅಕ್ಷರಗಳಲ್ಲಿ ಬರೆದರೆ ಕಿರುಚಿದಂತಾಗುತ್ತದೆ ಎಂಬುದು. 1995ರ ಅಂತರಜಾಲ ಶಿಷ್ಟಾಚಾರ ಮಾರ್ಗಸೂಚಿಯಲ್ಲಿ ಇದು ದಾಖಲಾಗಿದೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿಲ್ಲ. ಆ ಕೆಲಸವನ್ನು ಇಲ್ಲಿ ದಪ್ಪಕ್ಷರ, ಅಡಿಗೆರೆ, ಕೆಂಪು ಬಣ್ಣ, ಆಶ್ಚರ್ಯಸೂಚಕಗಳ ಸಾಲು ಹಾಗೂ ಪತ್ರದ ತಲೆಯ ಮೇಲಿನ ‘ಅತಿ ಜರೂರು’ ಎಂಬ ಮಾತು ಮಾಡುತ್ತವೆ. ‘ಅತಿ ಜರೂರು’ ಎಂಬುದರ ಬಳಕೆ ಎಷ್ಟು ಹೆಚ್ಚಿದೆಯೆಂದರೆ ನಿಜಕ್ಕೂ ತುರ್ತಾದ ಪತ್ರಕ್ಕೆ ದೂರವಾಣಿ ಕರೆಯನ್ನೂ ಮಾಡಬೇಕಾಗುತ್ತದೆ.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಪಠ್ಯ, ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥಹೀನ ಚಿಹ್ನೆಗಳಾಗಿ ಕಾಣುತ್ತಿತ್ತು. ಆದಕಾರಣ ಪತ್ರವನ್ನು ಮುದ್ರಿಸಿ, ರುಜು ಹಾಕಿ, ಸ್ಕ್ಯಾನ್ ಮಾಡಿ ಲಗತ್ತಿಸುವ ಅಭ್ಯಾಸ ಬೆಳೆಯಿತು. ಯೂನಿಕೋಡ್ ಬಂದ ಮೇಲೂ ಅಭ್ಯಾಸ ಉಳಿದಿದೆ. ಇದರ ಫಲವಾಗಿ ಎಷ್ಟೋ ಇ-ಮೇಲ್‌ಗಳ ಒಳಗೆ ಒಂದು ಸಾಲೂ ಇರುವುದಿಲ್ಲ. ಲಗತ್ತು ಮಾತ್ರ ಇರುತ್ತದೆ. ಕಳುಹಿಸಿದವರಿಗೆ ಇದು ಲಕೋಟೆ, ಹೊರಗಿನ ಸಂಸ್ಥೆಗಳಲ್ಲಿ ಓದುವವರಿಗೆ ಅಲಕ್ಷ್ಯ.

ನೆನಪೋಲೆ ಮತ್ತು ಪ್ರತಿ

ಉತ್ತರ ಬಾರದಿದ್ದಾಗ ಕಳುಹಿಸುವ ಪತ್ರವನ್ನು ನೆನಪೋಲೆ ಎನ್ನುತ್ತಾರೆ. ‘ನೆನಪೋಲೆ-1’, ‘ನೆನಪೋಲೆ-2’ ಎಂದು ಸಂಖ್ಯೆ ಹಾಕುವ ಪದ್ಧತಿಯಿದ್ದು, ಸಂಖ್ಯೆ ಏರಿದಂತೆ ಕ್ರಿಯಾಪದವೂ ‘ಕೋರಿದೆ’ಯಿಂದ ‘ತಪ್ಪಿದಲ್ಲಿ ಗಂಭೀರವಾಗಿ ಪರಿಗಣಿಸಲಾಗುವುದು’ ಎಂಬಲ್ಲಿಗೆ ಸರಿಯುತ್ತದೆ. ಬಿಗಿಯಾದ ಪತ್ರವ್ಯವಹಾರವನ್ನು ಸಡಿಲಿಸಲು ಅಧಿಕಾರಿಗಳು ಹೆಸರಿಗೆ ಬರೆಯುವ ಅರೆ ಸರ್ಕಾರಿ ಪತ್ರದ ಮಾರ್ಗವೂ ಇದೆ.

ಪತ್ರದ ಅಡಿಯಲ್ಲಿ ‘ಪ್ರತಿಯನ್ನು ಮಾಹಿತಿಗಾಗಿ’ ಎಂದು ಬರೆಯುವ ರೂಢಿಯೇ ಇ-ಮೇಲ್‌ನ ಸಿಸಿ. ಸಹೋದ್ಯೋಗಿಗೆ ಬರೆದ ಸಾಮಾನ್ಯ ಪ್ರಶ್ನೆಗೆ ಮೇಲಧಿಕಾರಿಯ ವಿಳಾಸವನ್ನು ಸೇರಿಸಿದರೆ ಸಂದೇಶದ ಒಂದಕ್ಷರವೂ ಬದಲಾಗದೆ ಧಾಟಿ ಬದಲಾಗುತ್ತದೆ. ಎಲ್ಲರ ಮುಂದೆ ಹೇಳಿದ ತಪ್ಪು ಮತ್ತು ಬದಿಗೆ ಕರೆದು ಹೇಳಿದ ತಪ್ಪು ಇವುಗಳ ನಡುವಿನ ವ್ಯತ್ಯಾಸವೇ ಇದು.

ದಾಖಲೆಯಾಗಿ ಇ-ಮೇಲ್

ಮಾತಿನಲ್ಲಿ ಆದ ಬಿರುಸು ಚಹಾದ ಹೊತ್ತಿಗೆ ಕರಗಬಹುದು. ಇ-ಮೇಲ್ ಕಡತಕ್ಕೆ ಸೇರುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮವು ವಿದ್ಯುನ್ಮಾನ ದಾಖಲೆಗಳಿಗೆ ಕಾನೂನಿನ ಮಾನ್ಯತೆ ನೀಡಿದೆ. 2005ರ ಮಾಹಿತಿ ಹಕ್ಕು ಅಧಿನಿಯಮದ 2(ಎಫ್) ಕಲಂ ‘ಮಾಹಿತಿ’ಯ ವ್ಯಾಖ್ಯೆಯಲ್ಲಿ ಇ-ಮೇಲ್‌ಗಳನ್ನು ಹೆಸರಿಸಿಯೇ ಸೇರಿಸಿದೆ. ಹೀಗಾಗಿ ಕಚೇರಿಯ ಇ-ಮೇಲ್ ಅದನ್ನು ಪಡೆದವರ ಕಣ್ಣಿಗೆ ಮಾತ್ರ ಬೀಳುತ್ತದೆಂದು ಹೇಳಲಾಗದು. ಅಧಿನಿಯಮದ ವಿನಾಯಿತಿಗಳಿಗೆ ಒಳಪಟ್ಟು ಅರ್ಜಿದಾರರು ಅದರ ಪ್ರತಿಯನ್ನು ಕೇಳಬಹುದು. ಇಲಾಖಾ ವಿಚಾರಣೆಯಲ್ಲಿ ಅದು ಲಗತ್ತಾಗಬಹುದು. ಕಾರಣ ಕೇಳುವ ನೋಟಿಸಿಗೆ ಕೊಟ್ಟ ಉತ್ತರದ ಒಂದು ‘ಊ’ಕಾರವನ್ನು ವರ್ಷಗಳ ನಂತರ, ಬರೆದವರ ಪರಿಚಯವೇ ಇಲ್ಲದ ಅಧಿಕಾರಿಯೊಬ್ಬರು ಓದಿ ಅರ್ಥೈಸುವ ಸಂದರ್ಭವೂ ಬರುತ್ತದೆ.