ಕಡಲಿಲ್ಲದ ಸೀಮೆಯ ದಂಡೆಗಳು

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮಿಶಿಗನ್ ಸರೋವರದ ದಡದ ಭಾವಚಿತ್ರವೊಂದನ್ನು ಕಳುಹಿಸಿ ಒಂದು ಪ್ರಶ್ನೆಯನ್ನು ಕೇಳಿದ್ದಾರೆ: "ಗುರುಗಳೇ, ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಕಡೆ ಮಕ್ಕಳಿಗೆ ತೋರಿಸಬಹುದಾದ ಇಂತಹ ದಂಡೆ ಯಾವುದಾದರೂ ಉಂಟೇ?" ಉತ್ತರವನ್ನು ಎರಡು ಸಾಲುಗಳಲ್ಲಿ ಬರೆದು ಮುಗಿಸಬಹುದಿತ್ತು. ಆದರೆ ಇತಿಹಾಸದ ಮೇಷ್ಟರಿಗೆ ಎರಡು ಸಾಲು ಸಾಲುವುದಿಲ್ಲವೆಂಬುದು ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ಗೊತ್ತು.

ಮೊದಲಿಗೆ ಒಂದು ಹೋಲಿಕೆ. ಮಿಶಿಗನ್ ಸರೋವರದ ವಿಸ್ತಾರ ಸುಮಾರು 58,000 ಚದರ ಕಿಲೋಮೀಟರು. ನಮ್ಮ ಹಾವೇರಿ ಜಿಲ್ಲೆಯ ಒಟ್ಟು ವಿಸ್ತೀರ್ಣ 4,823 ಚದರ ಕಿಲೋಮೀಟರು. ಅಂದರೆ ನಮ್ಮಂಥ ಹನ್ನೆರಡು ಜಿಲ್ಲೆಗಳು ಆ ಒಂದು ಸರೋವರದಲ್ಲಿ ಮುಳುಗಿಹೋಗುತ್ತವೆ. ಆದರೆ ಆ ಸರೋವರವನ್ನು ತೋಡಿದ್ದು ಮನುಷ್ಯನಲ್ಲ, ಹಿಮಯುಗದ ಹಿಮನದಿಗಳು. ನಮ್ಮಲ್ಲಿ ಹಾಗಲ್ಲ. ಮಲೆನಾಡಿನ ಸೆರಗು ಹಾನಗಲ್ಲಿನ ಕಡೆ ಮುಗಿದು ರಾಣೇಬೆನ್ನೂರಿನತ್ತ ಬಯಲು ತೆರೆದುಕೊಳ್ಳುವ ಈ ಭಾಗದಲ್ಲಿ ಕಾಣುವ ಕೆರೆಗಳೆಲ್ಲ ಮನುಷ್ಯರು ಬುಟ್ಟಿಯಲ್ಲಿ ಮಣ್ಣು ಹೊತ್ತು ಏರಿ ಹಾಕಿ ಕಟ್ಟಿದಂಥವು. ಅಲ್ಲಿ ದಂಡೆ ತಾನಾಗಿಯೇ ಆದದ್ದು. ಇಲ್ಲಿ ದಂಡೆಯನ್ನು ಕಟ್ಟಿದ ಮೇಲೆಯೇ ನೀರು ಬಂದದ್ದು. ಈ ಒಂದು ವ್ಯತ್ಯಾಸವನ್ನು ತಿಳಿದುಕೊಂಡರೆ ನಮ್ಮ ಕಡೆಯ ಪ್ರೇಕ್ಷಣೀಯ ಸ್ಥಳಗಳ ಚರಿತ್ರೆ ಮುಕ್ಕಾಲು ಪಾಲು ತಿಳಿದಂತೆ.

ಹಾವೇರಿಯ ಹೆಗ್ಗೇರಿಯನ್ನೇ ತೆಗೆದುಕೊಳ್ಳಿ. 'ಪೆರ್' ಎಂದರೆ ಹಿರಿದು ಎಂಬರ್ಥದ ಹಳಗನ್ನಡ ಶಬ್ದ. ಪೆರ್ಮರ ಹೆಮ್ಮರವಾದಂತೆ, ಪೆರ್ಬಾಗಿಲು ಹೆಬ್ಬಾಗಿಲಾದಂತೆ, ಪೆರ್ಗೆರೆ ಹೆಗ್ಗೆರೆಯಾಗಿ, ಜನರ ಬಾಯಲ್ಲಿ ಹೆಗ್ಗೇರಿ ಆಯಿತು. ಆದ್ದರಿಂದ "ಹೆಗ್ಗೇರಿ ಕೆರೆ" ಎನ್ನುವಾಗ ಕೆರೆ ಎಂಬುದನ್ನು ಎರಡು ಸಲ ಹೇಳುತ್ತೇವೆ, ಗೇಟುಬಾಗಿಲು ಎಂದಂತೆ! ಇದನ್ನು ನಳಮಹಾರಾಜನು ಕಟ್ಟಿಸಿದನೆಂಬ ಐತಿಹ್ಯವಿದೆ. ಅದು ಐತಿಹ್ಯವೇ ಹೊರತು ಇತಿಹಾಸವಲ್ಲ; ಆದರೂ ಒಂದು ಕೆರೆಗೆ ರಾಜನೊಬ್ಬನ ಕಥೆಯನ್ನು ಅಂಟಿಸಬೇಕೆಂದು ಜನರಿಗೆ ತೋಚಿತಲ್ಲ, ಅದೇ ಆ ಕೆರೆಯ ಮೇಲಿನ ಗೌರವಕ್ಕೆ ಸಾಕ್ಷಿ. ನೆರೆಯ ಹಿರೇಕೆರೂರಂತೂ ತನ್ನ ಹೆಸರಿನಲ್ಲಿಯೇ ಹಿರಿಯ ಕೆರೆಯನ್ನು ಇಟ್ಟುಕೊಂಡಿದೆ.

ಕೆರೆ ಎಂದರೆ ನೀರು ನಿಂತ ಗುಂಡಿಯಲ್ಲ. ಅದಕ್ಕೆ ಏರಿ ಬೇಕು, ನೀರನ್ನು ಅಳೆದು ಬಿಡುವ ತೂಬು ಬೇಕು, ಹೆಚ್ಚಾದ ನೀರು ಏರಿಯನ್ನು ಕೊಚ್ಚದಂತೆ ಹೊರಹೋಗುವ ಕೋಡಿ ಬೇಕು, ಮೇಲಿನ ನೆಲದಿಂದ ಮಳೆನೀರನ್ನು ಹೊತ್ತು ತರುವ ಹಳ್ಳಗಳು ಬೇಕು. ಇವುಗಳಲ್ಲಿ ಒಂದು ಕೆಟ್ಟರೂ ಕೆರೆ ಕೆಡುತ್ತದೆ. ಈ ಮಾತನ್ನು ನಮ್ಮ ಪೂರ್ವಿಕರು ಚೆನ್ನಾಗಿ ಬಲ್ಲವರಾಗಿದ್ದರು. ಶಾಸನಗಳಲ್ಲಿ ಕಾಣಬರುವ 'ಬಿತ್ತುವಟ್ಟ', 'ಕಟ್ಟುಗೊಡಗೆ' ಎಂಬ ಪದಗಳನ್ನು ತರಗತಿಯಲ್ಲಿ ವಿವರಿಸಿದ್ದು ಕೆಲವರಿಗಾದರೂ ನೆನಪಿರಬಹುದು. ಕೆರೆಯನ್ನು ಕಟ್ಟಿದವರಿಗೆ, ಅದನ್ನು ದುರಸ್ತಿಯಲ್ಲಿ ಇಟ್ಟುಕೊಳ್ಳುವವರಿಗೆ ಬಿಟ್ಟುಕೊಡುತ್ತಿದ್ದ ಭೂಮಿ ಅಥವಾ ಫಸಲಿನ ಪಾಲು ಅದು. ಕೆರೆ ಕಟ್ಟುವುದು ಪುಣ್ಯಕಾರ್ಯವಾಗಿತ್ತು, ಸರಿ. ಆದರೆ ಹೂಳು ತೆಗೆಯುವವನ ಹೊಟ್ಟೆಗೆ ಪುಣ್ಯ ಸಾಲದೆಂಬ ವ್ಯವಹಾರಜ್ಞಾನವೂ ಅವರಿಗಿತ್ತು. ಒಮ್ಮೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಕೆರೆಯ ಏರಿಯ ಮೇಲೆ ಕರೆದೊಯ್ದಿದ್ದಾಗ, ತೂಬು ಎತ್ತುವ ಕೆಲಸ ಮಾಡುತ್ತಿದ್ದವರ ಮನೆಯ ಹುಡುಗನೊಬ್ಬ ಯಾವ ಗದ್ದೆಗೆ ಯಾವ ಹೊತ್ತಿಗೆ ನೀರು ಹೋಗಬೇಕೆಂಬುದನ್ನು ಬೆರಳು ಮಾಡಿ ತೋರಿಸಿದ. ಪಠ್ಯಪುಸ್ತಕದಲ್ಲಿ ಅಷ್ಟು ಸ್ಪಷ್ಟವಾದ ಪಾಠ ಇರಲಿಲ್ಲ.

ಕೆರೆ ಕಟ್ಟುವ ಸಾಹಸದ ಎತ್ತರವನ್ನು ಕಾಣಬೇಕಾದರೆ ರಟ್ಟೀಹಳ್ಳಿ ತಾಲೂಕಿನ (ಮೊದಲು ಇದು ಹಿರೇಕೆರೂರು ತಾಲೂಕು) ಮದಗ–ಮಾಸೂರಿಗೆ ಹೋಗಬೇಕು. ಹುಂಚದ ಕಡೆ ಹುಟ್ಟಿ ಬರುವ ಕುಮುದ್ವತಿ ನದಿಯನ್ನು ಗುಡ್ಡಗಳ ನಡುವಿನ ಕಣಿವೆಯಲ್ಲಿ ಅಡ್ಡಗಟ್ಟಿ ವಿಜಯನಗರದ ಕಾಲದಲ್ಲಿ ಇಲ್ಲಿ ಅಗಾಧವಾದ ಕೆರೆಯನ್ನು ನಿರ್ಮಿಸಿದ್ದರು. ಮುಂದೆ ಎಂದೋ ಏರಿ ಒಡೆಯಿತು. ಬ್ರಿಟಿಷರ ಆಡಳಿತದಲ್ಲಿ ಅದರ ಒಂದು ಭಾಗವನ್ನು ಮಾತ್ರ ದುರಸ್ತಿ ಮಾಡಲಾಯಿತು. ಈಗ ನಾವು ನೋಡುತ್ತಿರುವುದು ಹಳೆಯ ಕೆರೆಯ ಒಂದು ತುಣುಕು. ಮಳೆಗಾಲದಲ್ಲಿ ಅದು ತುಂಬಿ ಕೋಡಿ ಬಿದ್ದಾಗ ನೀರು ಬಂಡೆಗಳ ಮೇಲಿಂದ ಧುಮುಕುತ್ತದೆ. ಸುತ್ತಮುತ್ತಲಿನ ಊರುಗಳ ಯುವಕರು ಮೋಟಾರು ಸೈಕಲ್ಲುಗಳಲ್ಲಿ ಬಂದು 'ಜಲಪಾತ'ದಡಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಸಂತೋಷವೇ. ಆದರೆ ಅವರು ಆನಂದಿಸುತ್ತಿರುವುದು ಪ್ರಕೃತಿಯ ಸೋಜಿಗವನ್ನಲ್ಲ, ಹೆಸರು ಉಳಿಯದ ಒಡ್ಡರ, ಕಲ್ಲುಕುಟಿಗರ ಕೈಕೆಲಸವನ್ನು. ಆ ಕುಮುದ್ವತಿಯೇ ಮುಂದೆ ಹರಿದು ರಾಣೇಬೆನ್ನೂರು ತಾಲೂಕಿನ ಮುದೇನೂರಿನ ಬಳಿ ತುಂಗಭದ್ರೆಯನ್ನು ಕೂಡಿಕೊಳ್ಳುತ್ತಾಳೆ.

ಬ್ಯಾಡಗಿ ಎಂದೊಡನೆ ನಿಮಗೆಲ್ಲ ಮೆಣಸಿನಕಾಯಿ ನೆನಪಾಗುವುದು ಸಹಜ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ದೊರೆಯಿತು. ಆದರೆ ಆ ತಾಲೂಕಿಗೆ ಯಾತ್ರಿಕರನ್ನು ಕರೆತರುವುದು ಕಾಗಿನೆಲೆ. ಬಂಕಾಪುರದ ಸಮೀಪದ ಬಾಡದಿಂದ ಬಂದ ಕನಕದಾಸರು ತಮ್ಮ ಕೀರ್ತನೆಗಳ ಅಂಕಿತದಲ್ಲಿಯೇ ಈ ಊರನ್ನು ಶಾಶ್ವತಗೊಳಿಸಿದರು. ಅಲ್ಲಿನ ಕೆರೆಯ ದಡದಲ್ಲಿ ಈಗ ಉದ್ಯಾನವಿದೆ, ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ನಿಲ್ಲುತ್ತವೆ. ಆದಿಕೇಶವನ ದರ್ಶನಕ್ಕಿಂತ ಉದ್ಯಾನದಲ್ಲಿಯೇ ಮಕ್ಕಳು ಹೆಚ್ಚು ಹೊತ್ತು ಕಳೆಯುತ್ತಾರೆಂದು ಮುನಿಸಿಕೊಳ್ಳುವ ಶಿಕ್ಷಕಮಿತ್ರರು ಇದ್ದಾರೆ. ನನಗೆ ಆ ಮುನಿಸಿಲ್ಲ. ಮಕ್ಕಳು ನೀರಿನ ಬಳಿಗೆ ಓಡದಿದ್ದರೆ ಅವರು ಮಕ್ಕಳೇ ಅಲ್ಲ.

ಇನ್ನು ಮರಳಿನ ವಿಷಯ. ಕೆರೆಯ ದಡದಲ್ಲಿ ಮರಳಿರುವುದಿಲ್ಲ, ಕೆಸರಿರುತ್ತದೆ. ನಮ್ಮ ನಿಜವಾದ ಮಳಲದಂಡೆ ಇರುವುದು ತುಂಗಭದ್ರೆಯಲ್ಲಿ. ರಾಣೇಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ ನದಿಯ ದಡದ ಮೇಲೆಯೇ ಮುಕ್ತೇಶ್ವರನ ಗುಡಿಯಿದೆ. ಗುತ್ತಲದ ಗುತ್ತ ಅರಸರು ತಮ್ಮನ್ನು ಉಜ್ಜಯಿನಿಯ ಚಂದ್ರಗುಪ್ತನ ವಂಶದವರೆಂದು ಹೇಳಿಕೊಂಡರು. ಅವರ ಆಶ್ರಯದಲ್ಲಿ ಬೆಳೆದ ಕ್ಷೇತ್ರವಿದು. ಇಲ್ಲಿನ ದೀರ್ಘವಾದ ಶಾಸನಗಳು ಕ್ರಿ.ಶ. 1225ರಲ್ಲಿ ಶಿವದೇವನೆಂಬ ಯೋಗಿ ಇಲ್ಲಿಗೆ ಬಂದು ನೆಲೆ ನಿಂತುದನ್ನು ಹೇಳುತ್ತವೆ. ವಿದುಷಿ ವಸುಂಧರಾ ಫಿಲಿಯೋಜಾ ಅವರು ಈ ಗುಡಿಯನ್ನು ಕುರಿತು ಆಳವಾದ ಅಧ್ಯಯನ ನಡೆಸಿದ್ದಾರೆ. ಊರಿಗೆ ಹೆಸರು ಬಂದುದು ಅಂಬಿಗರ ಚೌಡಯ್ಯನಿಂದ ಎಂಬುದು ಐತಿಹ್ಯ. ಅರಸನಿಂದ ದಾನವಾಗಿ ಬಂದ ಊರನ್ನು ಆತ ತನ್ನ ಗುರುವಿಗೆ ಒಪ್ಪಿಸಿದನಂತೆ. ಹನ್ನೆರಡನೆಯ ಶತಮಾನದ ಆ ನಿಷ್ಠುರ ವಚನಕಾರನ ವೃತ್ತಿ ದೋಣಿ ನಡೆಸುವುದು. ನನ್ನ ಮಟ್ಟಿಗೆ ಈ ದಂಡೆಯ ಮೊದಲ ಚರಿತ್ರೆ ಅರಸರದ್ದಲ್ಲ, ಅಂಬಿಗರದ್ದು. ನದಿ ದಾಟಿಸುವವನು ಇದ್ದಲ್ಲಿ ದಾಟುವವರು ಬಂದರು, ಬಂದವರು ಕಾಯುತ್ತ ಕುಳಿತರು, ಕುಳಿತಲ್ಲಿ ಗುಡಿಯಾಯಿತು, ಜಾತ್ರೆಯಾಯಿತು.

ಹಾಗೆಯೇ ಕೆಳಗೆ ಸಾಗಿದರೆ ವರದೆಯು ತುಂಗಭದ್ರೆಯನ್ನು ಸೇರುವ ಗಳಗನಾಥ. ಗಳಗೇಶ್ವರನ ಗುಡಿಯ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ದಪ್ಪ ಕಲ್ಲಿನ ಅಡಿಪಾಯವನ್ನು ಕಂಡಾಗಲೆಲ್ಲ, ಎರಡು ನದಿಗಳ ನೆರೆಯನ್ನು ಬಲ್ಲವರ ಕೆಲಸವಿದು ಎಂದು ನನಗೆ ಅನ್ನಿಸುತ್ತದೆ. 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಕಾದಂಬರಿ ಬರೆಯಲು 'ಗಳಗನಾಥ'ರೆಂಬ ಈ ಹೆಸರನ್ನೇ ಇಟ್ಟುಕೊಂಡರು.

ನದಿಯನ್ನು ಎಲ್ಲರೂ ಪ್ರೇಕ್ಷಣೀಯವೆಂದು ಕಂಡರೆಂದಲ್ಲ. 1800ರ ಜೂನ್ ತಿಂಗಳಿನಲ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿ ಬಂದ ಕರ್ನಲ್ ವೆಲ್ಲೆಸ್ಲಿಗೆ ಹರಿಹರದಲ್ಲಿ ತುಂಬಿದ ತುಂಗಭದ್ರೆ ದಾಟಬೇಕಾದ ಅಡ್ಡಿಯಾಗಿತ್ತು. ದಾಟಿ ಬಂದು ಆತ ರಾಣೇಬೆನ್ನೂರಿನ ಕೋಟೆಯನ್ನು ಹಿಡಿದ. ಹದಿನೈದು ವರ್ಷಗಳ ನಂತರ ವಾಟರ್‌ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ.

ನಮ್ಮವರ ಪಾಲಿಗೆ ಈ ದಂಡೆಗಳ ದೊಡ್ಡ ದಿನ ಮಕರ ಸಂಕ್ರಮಣ. ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಹೊಳೆಯಲ್ಲಿ ಮಿಂದು, ಸಜ್ಜೆಯ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ, ಮಾದಲಿಯ ಬುತ್ತಿಯನ್ನು ಬಿಚ್ಚಿ ಮರಳಿನ ಮೇಲೆ ಸಾಲಾಗಿ ಕುಳಿತು ಉಂಡದ್ದನ್ನು ಈ ಭಾಗದಲ್ಲಿ ಬೆಳೆದವರು ಯಾರು ಮರೆತಾರು? ಜನವರಿಯ ಬೆಳಗಿನ ಆ ಮರಳು ಕಾಲಿಗೆ ತಣ್ಣಗೆ ತಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹೆಂಚಿನಂತೆ ಕಾಯುತ್ತಿತ್ತು. ಬೀಚ್ ಎಂಬ ಶಬ್ದ ನಮಗೆ ಗೊತ್ತಿರಲಿಲ್ಲ, ಅಷ್ಟೇ.

ಆ ಮರಳು ಈಗ ಬಹಳಷ್ಟು ಕಡೆಗಳಲ್ಲಿ ಇಲ್ಲ. ಅದು ಲಾರಿಯೇರಿ ಪಟ್ಟಣಗಳ ಗೋಡೆ, ತಾರಸಿಗಳನ್ನು ಸೇರಿದೆ. ಮರಳು ಎತ್ತಿದಲ್ಲಿ ಮೇಲಿನಿಂದ ಕಾಣದ ಗುಂಡಿಗಳು ಉಳಿದಿವೆ. ಬೇಸಿಗೆಯಲ್ಲಂತೂ ಭದ್ರಾ ಜಲಾಶಯದಿಂದ ನೀರು ಬಿಡುವರೋ ಇಲ್ಲವೋ ಎಂದು ಹೊಳೆಯ ದಡದ ಊರುಗಳೇ ಕಾಯುವಂತಾಗಿದೆ. ಕೆರೆಗಳ ಕಥೆ ಇನ್ನೊಂದು ಬಗೆಯದು. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಜಲಸಂವರ್ಧನೆ ಯೋಜನೆಯಲ್ಲಿ ನಮ್ಮ ಜಿಲ್ಲೆಯೂ ಇತ್ತು. ಕೆರೆಯ ಯಜಮಾನಿಕೆಯನ್ನು ಊರಿನವರ ಸಂಘಕ್ಕೆ ಹಿಂದಿರುಗಿಸುವುದು ಅದರ ಉದ್ದೇಶ. ತುಂಗಾ ಮೇಲ್ದಂಡೆ ಕಾಲುವೆ ಬಂದು ಕೆಲವೆಡೆ ಬಾಯಾರಿದ ಕೆರೆಗಳಿಗೆ ಆಸರೆಯಾಯಿತು. ಇವೆಲ್ಲ ಒಳ್ಳೆಯವೇ. ನನ್ನ ತಕರಾರು ಇರುವುದು 'ಸೌಂದರ್ಯೀಕರಣ'ದ ಮೇಲೆ. ಏರಿಯ ಮೇಲೆ ಬಣ್ಣದ ಕಲ್ಲು, ಕಬ್ಬಿಣದ ಬೇಲಿ, ದೀಪದ ಕಂಬ ಬರುತ್ತವೆ. ಅತ್ತ ಕೆರೆಗೆ ನೀರು ತರುವ ಹಳ್ಳದ ಮೇಲೆ ನಿವೇಶನಗಳೂ ಬರುತ್ತವೆ. ವಾಯುವಿಹಾರಕ್ಕೆ ದಾರಿಯಿದೆ, ನೀರಿಗೆ ದಾರಿಯಿಲ್ಲ. ನೋಡಲು ಬರುವವರಿಗಾಗಿ ಕೆರೆಯನ್ನು ಇಟ್ಟುಕೊಳ್ಳಬೇಕಾದರೆ ದುಡಿಯುವ ಕೆರೆಯನ್ನೇ ಇಟ್ಟುಕೊಳ್ಳಬೇಕು.

ದುಡಿಯುವ ಕೆರೆಯೂ ಲೋಕಪ್ರಸಿದ್ಧವಾಗಬಲ್ಲದೆಂಬುದಕ್ಕೆ ನೆರೆಯ ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ ನಿದರ್ಶನ. ಹೊಲಗದ್ದೆಗಳಿಗಾಗಿ ಮಳೆನೀರು ಹಿಡಿಯಲು ಕಟ್ಟಿದ ಸಾಧಾರಣ ಕೆರೆಯದು. ಚಳಿಗಾಲದಲ್ಲಿ ಮಂಗೋಲಿಯದಂಥ ದೂರದೇಶಗಳಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. 2024ರಲ್ಲಿ ಅದು ಅಂತಾರಾಷ್ಟ್ರೀಯ ಮಹತ್ವದ ರಾಮ್‌ಸರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಇತ್ತ ರಾಣೇಬೆನ್ನೂರಿನಲ್ಲಿ 1974ರಿಂದ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಿದೆ. ಅಲ್ಲಿಗೂ ಮಕ್ಕಳನ್ನು ಕರೆದೊಯ್ಯಬಹುದು.

ಈ ಕಡೆ ಬರುವವರಿಗೆ ನನ್ನ ಸಲಹೆ ಇಷ್ಟು. ಹಾವೇರಿಯಲ್ಲಿ ಪುರದ ಸಿದ್ಧೇಶ್ವರನ ಗುಡಿ ನೋಡಿಕೊಳ್ಳಿ. ವಾಡಿಕೆಗೆ ವಿರುದ್ಧವಾಗಿ ಅದು ಪಡುವಣಕ್ಕೆ ಮುಖ ಮಾಡಿದೆ. ಸಂಜೆಗೆ ಹೆಗ್ಗೇರಿಯ ಏರಿಯ ಮೇಲೆ ನಡೆಯಿರಿ, ತೂಬು ಎಲ್ಲಿದೆ, ಕೋಡಿ ಎಲ್ಲಿದೆ ಎಂದು ಮಕ್ಕಳಿಂದಲೇ ಹುಡುಕಿಸಿರಿ. ಮದಗಕ್ಕೆ ಮಳೆಗಾಲ, ಚೌಡದಾನಪುರ ಗಳಗನಾಥಗಳಿಗೆ ಜನವರಿ ಹೇಳಿಮಾಡಿಸಿದ ಕಾಲ. ಬುತ್ತಿ ಕಟ್ಟಿಕೊಂಡೇ ಬನ್ನಿ. ಅಲ್ಲಿ ಹೋಟೆಲುಗಳನ್ನು ನೆಚ್ಚಿಕೊಳ್ಳಬೇಡಿ. ಹೊಳೆಯಲ್ಲಿ ಇಳಿಯುವ ಮೊದಲು ಗುಂಡಿಗಳು ಯಾವ ಕಡೆ ಇವೆ ಎಂದು ದಡದಲ್ಲಿರುವ ಅಂಬಿಗರನ್ನೋ ಮೀನುಗಾರರನ್ನೋ ಕೇಳಿಯೇ ಇಳಿಯಿರಿ.