ಹಾರೋಬೆಲೆಯ ‘ಮಹಿಮೆ’

ಕನಕಪುರ ತಾಲ್ಲೂಕಿನಲ್ಲಿ ಅರ್ಕಾವತಿ ಹೊಳೆಯ ಸೀಮೆಗೆ ಸೇರಿದ ಹಾರೋಬೆಲೆ ಎಂಬ ಊರಿದೆ. ಇಲ್ಲಿ ಬಹುಪಾಲು ಜನ ಕ್ರೈಸ್ತರು. ತಪಸ್ಸುಕಾಲದ ಕೊನೆಗೆ, ಶುಭ ಶುಕ್ರವಾರದ ಹೊತ್ತಿಗೆ, ಊರಿನವರೇ ಬಣ್ಣ ಹಚ್ಚಿ ಯೇಸುಸ್ವಾಮಿಯ ಪಾಡು-ಮರಣಗಳ ನಾಟಕ ಆಡುತ್ತಾರೆ. ನೂರು ವರ್ಷಕ್ಕೂ ಮೀರಿ ನಡೆದುಬಂದ ಈ ಆಟಕ್ಕೆ ಅವರು ಇಟ್ಟ ಹೆಸರು ‘ಮಹಿಮೆ’. ಹೊಡೆತ, ಅವಮಾನ, ಶಿಲುಬೆಗಳ ಕಥೆಗೆ ಇಂಥ ಹೆಸರೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಕ್ರೈಸ್ತ ಧರ್ಮ ಹಳೇ ಮೈಸೂರಿಗೆ ಬಂದದ್ದು ಬ್ರಿಟಿಷರ ಬೆನ್ನಿಗಲ್ಲ. 1648ರ ಸುಮಾರಿಗೇ ಲಿಯೊನಾರ್ದೊ ಚಿನ್ನಾಮಿ ಎಂಬ ಜೆಸ್ವಿತ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡದಲ್ಲೇ ಬರೆದರು. 1773ರಲ್ಲಿ ಜೆಸ್ವಿತ್ ಸಭೆಯೇ ರದ್ದಾಯಿತು. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಟಿಪ್ಪು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. 1799ರಲ್ಲಿ ಟಿಪ್ಪು ಮಡಿದ ಮೇಲೆ, ಚದುರಿಹೋದ ಸಭೆಯನ್ನು ಕೂಡಿಸಲು ಫ್ರಾನ್ಸಿನ ಅಬ್ಬೆ ದ್ಯುಬುವಾ ಬಂದರು. ಇಲ್ಲಿಯವರಂತೆ ಉಡುಗೆ ತೊಟ್ಟು ಹಳ್ಳಿಹಳ್ಳಿ ತಿರುಗಿದರು, ಸಿಡುಬಿಗೆ ದೇವಿ ಹಾಕಿಸಿದರು. ಆದರೂ ಕೊನೆಗೆ ಅವರ ಮನಸ್ಸು ಸೋತಿತು. ಈ ದೇಶದಲ್ಲಿ ಕ್ರಿಸ್ತನ ಧರ್ಮ ಬೇರೂರುವುದು ಮನುಷ್ಯಪ್ರಯತ್ನಕ್ಕೆ ಮೀರಿದ್ದು ಎಂಬ ಅರ್ಥದ ಪತ್ರಗಳನ್ನು ಬರೆದು, 1823ರಲ್ಲಿ ತಾಯ್ನಾಡಿಗೆ ಮರಳಿದರು.

ಗುರುವೇ ಕೈಚೆಲ್ಲಿದ ಮೇಲೂ ಇಲ್ಲಿನ ಬಡಜನ ಆ ಭರವಸೆಯನ್ನು ಬಿಡಲಿಲ್ಲ. ಅದಕ್ಕೆ ಪರೀಕ್ಷೆಯಾಗಿ ಬಂದದ್ದು ಧಾತು-ಈಶ್ವರ ಸಂವತ್ಸರಗಳ ಬರ, 1876ರಿಂದ 78ರವರೆಗೆ. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ನಲವತ್ತೆರಡು ಲಕ್ಷಕ್ಕೂ ಕೆಳಗಿಳಿದಿತ್ತು. ಇಂದು ರಾಮನಗರ, ಚನ್ನಪಟ್ಟಣಗಳ ಮೇಲೆ ಹಾದುಹೋಗುವ ಮೈಸೂರು ರೈಲುದಾರಿಗೆ ಅಂದು ಮಣ್ಣು ಹೊತ್ತವರು ಬರಗಾಲದ ಕೂಲಿಗಳೇ. ಆಗ ಮಿಷನ್ನಿನವರು ಅನಾಥ ಮಕ್ಕಳನ್ನು ಸಾಕಿದರು. ಗಂಜಿಗಾಗಿ ಧರ್ಮ ಬಿಟ್ಟವರು ಎಂಬ ಚುಚ್ಚುಮಾತೂ ಆಗಲೇ ಹುಟ್ಟಿತು.

ಆ ಮಾತು ಕೇಳಿದಾಗಲೆಲ್ಲ ನನಗೆ ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ನೆನಪಾಗುತ್ತದೆ. ಅಲ್ಲಿ ದೇವರ ರಾಜ್ಯ ಬರಲೆಂದು ಬೇಡಿದ ಸ್ವಲ್ಪ ಹೊತ್ತಿಗೇ ಅಂದಂದಿನ ಅನ್ನವನ್ನೂ ಬೇಡುತ್ತಾರೆ. ಹಸಿದವಳಿಗೆ ಈ ಎರಡೂ ಬೇರೆಬೇರೆಯೇ? ದೇವರ ರಾಜ್ಯವೆಂದರೆ ಸತ್ತ ಮೇಲೆ ಸಿಗುವ ಸುಖ ಮಾತ್ರವಾಗಿದ್ದರೆ ಅನ್ನದ ಮಾತು ಏಕೆ ಬರಬೇಕಿತ್ತು? ಯಾರ ಮಗುವೂ ಹಸಿದು ಮಲಗದ, ಯಾರನ್ನೂ ಹೊರಗೆ ನಿಲ್ಲಿಸದ ಕಾಲ ಈ ನೆಲದ ಮೇಲೇ ಬರಬೇಕೆಂಬ ಆಸೆ ಅದರಲ್ಲಿದೆ.

ಆ ಕಾಲ ಇನ್ನೂ ಬಂದಿಲ್ಲ. ಗುಡಿಯ ಒಳಗೂ ಜಾತಿ ಉಳಿಯಿತು. ದಲಿತರು ಕ್ರೈಸ್ತರಾದರೆ ಅವರನ್ನು ಪರಿಶಿಷ್ಟ ಜಾತಿಯೆಂದು ಎಣಿಸಲು 1950ರ ರಾಷ್ಟ್ರಪತಿ ಆದೇಶದಲ್ಲಿ ಅವಕಾಶವಿಲ್ಲ. ಹಾರೋಬೆಲೆಯ ಕಪಾಲಬೆಟ್ಟದಲ್ಲಿ ದೊಡ್ಡ ಯೇಸುಪ್ರತಿಮೆ ನಿಲ್ಲಿಸಲು 2019ರ ಡಿಸೆಂಬರಿನಲ್ಲಿ ಶಂಕುಸ್ಥಾಪನೆಯಾದಾಗ, ಮರುತಿಂಗಳೇ ಕನಕಪುರದಲ್ಲಿ ವಿರೋಧದ ಮೆರವಣಿಗೆ ನಡೆಯಿತು. ಪ್ರತಿಮೆ ಬೇಕೇ ಬೇಡವೇ ಎಂಬುದು ಬೇರೆ ಚರ್ಚೆ. ಆದರೆ ತಲೆಮಾರುಗಳಿಂದ ಅದೇ ಮಣ್ಣಿನಲ್ಲಿ ರಾಗಿ ಬೆಳೆದವರು ‘ನಾವೂ ಇಲ್ಲಿಯವರೇ’ ಎಂದು ಹೇಳಿಕೊಳ್ಳಬೇಕಾಗಿ ಬಂದದ್ದು ನೋವಿನ ಸಂಗತಿ.

ಅಷ್ಟಾದರೂ ‘ಮಹಿಮೆ’ಯ ಊರು ತನ್ನ ಕಥೆಯನ್ನು ಕೈಬಿಟ್ಟಿಲ್ಲ. ಆ ಕಥೆಯಲ್ಲಿ ಶಿಷ್ಯರು ಹೆದರಿ ಓಡಿದಾಗ ಶಿಲುಬೆಯ ಬಳಿ ನಿಂತವರು ಹೆಂಗಸರು. ಸುಗಂಧದ್ರವ್ಯ ಹಿಡಿದು ಬೆಳಗಿನ ಜಾವ ಸಮಾಧಿಗೆ ಹೋದವರೂ ಅವರೇ. ಅವರು ಹೋದದ್ದು ಪವಾಡ ನೋಡಲಿಕ್ಕಲ್ಲ, ಸತ್ತವನಿಗೆ ಮಾಡಬೇಕಾದದ್ದನ್ನು ಮಾಡಲಿಕ್ಕೆ. ಕತ್ತಲಿರುವಾಗಲೇ ಎದ್ದು ಅಂದಿನ ಕೆಲಸಕ್ಕೆ ಹೊರಟವರಿಗೇ ಆ ಸುದ್ದಿ ಮೊದಲು ಸಿಕ್ಕಿತು. ನಮ್ಮ ಸೀಮೆಯ ತಾಯಂದಿರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.